ಒರೆಸಿದ ಕೊಳೆ ಎಲ್ಲಿಗೆ ಹೋಗುತ್ತದೆ?

(ಮಾರ್ನಮಿ ಹಬ್ಬಕ್ಕೆ ಮುನ್ನ ಹರವೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಾರ್ನಮಿ ಹತ್ತಿರ ಬಂದಿದೆ. ಇನ್ನು ಕೆಲವೇ ದಿನಗಳಲ್ಲಿ ಹರವೆಯ ಮನೆಯಂಗಳಗಳಲ್ಲಿ ತೊಳೆಯುವ ಸಡಗರ ಆರಂಭವಾಗುತ್ತದೆ. ನೇಗಿಲು, ಕುಂಟೆ, ಕುಡುಗೋಲು, ಮಚ್ಚು, ಗುದ್ದಲಿಗಳನ್ನು ಹೊರಗೆ ತಂದು, ಉಜ್ಜಿ, ತೊಳೆದು, ವಿಭೂತಿ ಬಳಿದು, ಕುಂಕುಮವಿಟ್ಟು ಪೂಜಿಸುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ವರ್ಷವಿಡೀ ನಮಗಾಗಿ ದುಡಿದ ಸಲಕರಣೆಗೆ ಒಂದು ದಿನವಾದರೂ ಕೈಮುಗಿಯಬೇಕು ಎಂಬ ಭಾವನೆ ಬಹಳ ದೊಡ್ಡದು. ಅದನ್ನು ಬಿಡಿರೆಂದು ಹೇಳಲು ನಾನಿಲ್ಲಿಗೆ ಬಂದಿಲ್ಲ.

ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಆ ಆಯುಧಗಳ ಸಾಲಿಗೆ ಹೊಸಬರು ಬಂದು ಸೇರಿದ್ದಾರೆ. ಟೀವಿ, ಮಿಕ್ಸಿ, ಫ್ರಿಜ್, ಮೊಬೈಲ್, ಕಂಪ್ಯೂಟರ್, ಇನ್ವರ್ಟರ್ ಬ್ಯಾಟರಿ, ಸೂರ್ಯಶಕ್ತಿಯ ದೀಪ. ನೇಗಿಲಿನ ಗುಳವನ್ನು ಕೆರೆಯ ನೀರಿನಲ್ಲಿ ಅದ್ದಿ ಉಜ್ಜಿದರೆ ಅದಕ್ಕೇನೂ ಆಗದು, ಉಜ್ಜಿದವರಿಗೂ ಏನೂ ಆಗದು, ಕೆರೆಗೂ ಏನೂ ಆಗದು. ಹೊಸ ಸಲಕರಣೆಗಳ ವಿಷಯದಲ್ಲಿ ಈ ಮೂರು ಮಾತುಗಳೂ ಸುಳ್ಳಾಗುತ್ತವೆ. ಆದರೂ ನಮ್ಮ ಕೈಗೆ ಹಳೆಯ ಅಭ್ಯಾಸವೇ ಉಳಿದಿದೆ. ಹಬ್ಬ ಬಂತೆಂದರೆ ಒಂದು ಬಕೆಟ್ ನೀರು, ಒಂದು ಒದ್ದೆ ಬಟ್ಟೆ.

ಇದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ಅಂಚಿನಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿತು. ಆದರೆ ಅದು ಮೊದಲು ಹರಿದುಹೋದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ನಮ್ಮ ಹಳ್ಳಿಗಳ ಮನೆಯೊಳಕ್ಕೆ ಅದು ಬಂದದ್ದು ಎಷ್ಟೋ ಕಾಲದ ನಂತರ. ಮಳೆಯ ಬಗ್ಗೆ, ಬಿತ್ತನೆಯ ಬಗ್ಗೆ, ಎತ್ತಿನ ಸುಳಿಯ ಬಗ್ಗೆ ನೂರಾರು ಗಾದೆಗಳನ್ನು ಕಟ್ಟಿಕೊಟ್ಟ ಹಿರಿಯರು ವಿದ್ಯುತ್ ಸಾಧನಗಳ ಬಗ್ಗೆ ಒಂದು ಗಾದೆಯನ್ನೂ ಬಿಟ್ಟುಹೋಗಲಿಲ್ಲ, ಅವರಿಗೆ ಅದರ ಒಡನಾಟವೇ ಇರಲಿಲ್ಲ. ಆ ತಿಳಿವಳಿಕೆಯನ್ನು ನಾವೇ, ನಮ್ಮ ತಲೆಮಾರಿನಲ್ಲಿಯೇ, ಕಟ್ಟಿಕೊಳ್ಳಬೇಕಾಗಿದೆ.

ನಾನು ಮಣ್ಣು ಮತ್ತು ಬೆಳೆಯ ವಿಜ್ಞಾನವನ್ನು ಓದಿದ ವ್ಯಕ್ತಿ, ವಿದ್ಯುತ್ ಯಂತ್ರಗಳ ಪರಿಣತಿ ನನ್ನದಲ್ಲ. ಹಾಗಿದ್ದೂ ಈ ವಿಷಯವನ್ನು ಏಕೆ ಎತ್ತಿಕೊಂಡೆನೆಂಬುದನ್ನು ಮಾತಿನ ನಡುವೆ, ನನ್ನದೇ ಒಂದು ತಪ್ಪಿನ ಮೂಲಕ, ಹೇಳುತ್ತೇನೆ.

ಧೂಳು ಎಂದರೇನು?

ಮೊದಲು ನಾವು ಒರೆಸಹೊರಟಿರುವ ವಸ್ತುವನ್ನು ತಿಳಿಯೋಣ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ನೈಋತ್ಯಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಇವುಗಳ ನಡುವಿನ ಈ ಬಯಲು ಮಳೆ ಕಡಿಮೆಯಿರುವ ಸೀಮೆ. ಆಷಾಢದ ಗಾಳಿ ಬೀಸಿದಾಗ ಉತ್ತ ಹೊಲದ ಮಣ್ಣು ಎದ್ದು ಮನೆಯೊಳಗೆ ಬರುತ್ತದೆ. ಕಲ್ಲುಗಣಿ ಹತ್ತಿರವಿದ್ದ ಊರುಗಳಲ್ಲಿ ಕಲ್ಲಿನ ಪುಡಿ ಬರುತ್ತದೆ. ಸುಗ್ಗಿಯಲ್ಲಿ ರಾಗಿ, ಜೋಳದ ಹೊಟ್ಟು, ಅರಿಸಿನ ಬೇಯಿಸಿ ಉಜ್ಜುವ ಕಾಲದಲ್ಲಿ ಅದರ ಸಿಪ್ಪೆಯ ಪುಡಿ, ಒಲೆಯ ಮಸಿ, ಒಗ್ಗರಣೆಯ ಜಿಡ್ಡು, ನಮ್ಮ ಬಟ್ಟೆಯ ನೂಲು ಇವೆಲ್ಲ ಸೇರಿ ಮನೆಯ ಧೂಳಾಗುತ್ತದೆ.

ಈ ಧೂಳು ಒಣಗಿರುವಾಗ ಸಾಧನಕ್ಕೆ ಹೊದಿಕೆ ಹೊದಿಸಿದಂತೆ ಕುಳಿತುಕೊಳ್ಳುತ್ತದೆ. ಸಾಧನದ ಕಾವು ಹೊರಗೆ ಹೋಗುವುದಿಲ್ಲ. ಕಾವು ಹೆಚ್ಚಿದಷ್ಟೂ ಒಳಗಿನ ಭಾಗಗಳ ಆಯಸ್ಸು ಕಡಿಮೆಯಾಗುತ್ತದೆ. ಫ್ರಿಜ್ಜಿನ ಹಿಂಬದಿಯ ಕೊಳವೆಜಾಲದ ಮೇಲೆ ಧೂಳು ಕುಳಿತರೆ ಒಳಗೆ ಅಷ್ಟೇ ತಂಪು ಮಾಡಲು ಅದು ಹೆಚ್ಚು ಹೊತ್ತು ಓಡಬೇಕು, ಹೆಚ್ಚು ವಿದ್ಯುತ್ ಸುಡಬೇಕು. ಇನ್ನು ಈ ತಿಂಗಳಿನಂತೆ ಮಳೆ ಬಂದು ಗಾಳಿಯಲ್ಲಿ ತೇವ ತುಂಬಿದಾಗ ಧೂಳಿನೊಳಗಿನ ಲವಣಗಳು ಆ ತೇವವನ್ನು ಹೀರಿಕೊಳ್ಳುತ್ತವೆ. ಒಣ ಧೂಳಿನಲ್ಲಿ ಹರಿಯದ ವಿದ್ಯುತ್ತು ತೇವದ ಧೂಳಿನಲ್ಲಿ ಸಣ್ಣಗೆ ಹರಿಯತೊಡಗುತ್ತದೆ. ತಾಮ್ರದ ಗೆರೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆದುದರಿಂದ ಶುಚಿ ಮಾಡುವುದು ಅಲಂಕಾರದ ಕೆಲಸವಲ್ಲ. ಐದು ವರ್ಷ ಬಾಳುವ ಸಾಧನ ಎಂಟು ವರ್ಷ ಬಾಳಿದರೆ ಮೂರು ವರ್ಷದ ಮಟ್ಟಿಗೆ ಒಂದು ಹೊಸ ಸಾಧನದ ತಯಾರಿಕೆ ತಪ್ಪಿತು, ಒಂದು ಹಳೆಯ ಸಾಧನ ತಿಪ್ಪೆ ಸೇರುವುದು ಮುಂದಕ್ಕೆ ಹೋಯಿತು. ಬೆಟ್ಟ, ಕಾಡು, ಕೆರೆಗಳ ಮೇಲಿನ ಹೊರೆ ಅಷ್ಟರಮಟ್ಟಿಗೆ ಇಳಿಯಿತು.

ಮೊದಲು ಜೀವ

ಶುಚಿಗೊಳಿಸುವುದರ ಮೊದಲ ಹೆಜ್ಜೆ ಬಟ್ಟೆ ಹಿಡಿಯುವುದಲ್ಲ, ಪ್ಲಗ್ಗನ್ನು ಕಿತ್ತಿಡುವುದು. ಸ್ವಿಚ್ ಆರಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಸ್ವಿಚ್ಚು ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಅದು ವಿದ್ಯುತ್ ಬರುವ ಫೇಸ್ ತಂತಿಯಾಗಿರಬೇಕು. ಆದರೆ ಅರೆತಿಳಿವಿನಲ್ಲಿ ವೈರಿಂಗ್ ಮಾಡಿದ ಮನೆಗಳಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯ ಮೇಲೆ ಕುಳಿತಿರುತ್ತದೆ. ಆಗ ಸ್ವಿಚ್ ಆರಿಸಿದರೆ ಸಾಧನ ನಿಲ್ಲುತ್ತದೆ, ಆದರೆ ಅದರೊಳಗೆ 230 ವೋಲ್ಟ್ ಹಾಗೆಯೇ ಕಾದು ಕುಳಿತಿರುತ್ತದೆ. ನಿಂತ ಸಾಧನವೆಲ್ಲ ಸತ್ತ ಸಾಧನವಲ್ಲ. ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಂಡರೆ ಮಾತ್ರ ನಂಬಬಹುದು.

ಎರಡನೆಯದಾಗಿ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೀಟರಿನ ಬಳಿಯ ಮೇನ್ ಸ್ವಿಚ್ ಆರಿಸಿದ ಕೂಡಲೇ ಅದು ಕರೆಂಟು ಹೋಯಿತೆಂದು ತಿಳಿದು ತಾನೇ ವಿದ್ಯುತ್ ಕೊಡತೊಡಗುತ್ತದೆ. ಮೇನ್ ಆರಿಸಿದ್ದೇನೆಂಬ ಧೈರ್ಯದಲ್ಲಿ ಒದ್ದೆ ಬಟ್ಟೆಯಿಂದ ಸ್ವಿಚ್ ಬೋರ್ಡ್ ಒರೆಸಲು ಹೋದವರಿಗೆ ಅದೇ 230 ವೋಲ್ಟ್ ಹೊಡೆಯುತ್ತದೆ. ಇನ್ವರ್ಟರನ್ನೂ ಆರಿಸಬೇಕು, ಅದರ ಪ್ಲಗ್ಗನ್ನೂ ಕೀಳಬೇಕು.

ಮೂರನೆಯದು, ಪ್ಲಗ್ ಕಿತ್ತ ಮೇಲೂ ಕೆಲವು ಸಾಧನಗಳ ಒಳಗೆ ವಿದ್ಯುತ್ತು ಶೇಖರವಾಗಿ ಉಳಿದಿರುತ್ತದೆ. ಕೆಪಾಸಿಟರ್ ಎಂಬ ಭಾಗವು ಗುಡಾಣದಲ್ಲಿ ನೀರು ತುಂಬಿಟ್ಟಂತೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುತ್ತದೆ. ಟೀವಿ, ಕಂಪ್ಯೂಟರುಗಳ ಒಳಗೆ ಇದು ಸುಮಾರು 325 ವೋಲ್ಟ್‌ವರೆಗೆ ತುಂಬಿರಬಹುದು. ಅಟ್ಟ ಸೇರಿರುವ ಹಳೆಯ ದಪ್ಪ ಟೀವಿಗಳ ಗಾಜಿನ ಕೊಳವೆಯಲ್ಲಿ ಇಪ್ಪತ್ತು, ಇಪ್ಪತ್ತೈದು ಸಾವಿರ ವೋಲ್ಟ್ ಇರುತ್ತದೆ, ಆರಿಸಿದ ಮೇಲೂ ಅದು ಬಹುಕಾಲ ಉಳಿಯಬಹುದು. ಮೈಕ್ರೋವೇವ್ ಒಲೆಯ ಕೆಪಾಸಿಟರ್ ಒಂದೇ ಸ್ಪರ್ಶಕ್ಕೆ ಪ್ರಾಣ ತೆಗೆಯಬಲ್ಲುದು. ಆದುದರಿಂದ ಟೀವಿ, ಮೈಕ್ರೋವೇವ್, ಇನ್ವರ್ಟರುಗಳ ಮುಚ್ಚಳ ಬಿಚ್ಚಿ ಒಳಗೆ ಕೈಹಾಕುವುದು ಮನೆಯವರ ಕೆಲಸವಲ್ಲ. ಹೊರಮೈ ಮತ್ತು ಗಾಳಿಕಿಂಡಿಗಳನ್ನು ಶುಚಿಗೊಳಿಸುವುದಷ್ಟೇ ನಮ್ಮ ಸೀಮೆ. ಒಳಗೆ ಹಲ್ಲಿ ಸತ್ತಿದ್ದರೆ, ಇರುವೆ ಗೂಡು ಕಟ್ಟಿದ್ದರೆ, ಬಲ್ಲವರಿಗೆ ಕೊಡಿ. ಗಾಳಿಕಿಂಡಿಯ ಮೂಲಕ ಸೊಳ್ಳೆ, ಜಿರಲೆಯ ಸ್ಪ್ರೇ ಹೊಡೆಯಬೇಡಿ. ಆ ಡಬ್ಬಿಯೊಳಗಿನ ಅನಿಲ ಬೆಂಕಿ ಹಿಡಿಯುವಂಥದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಯಾರಿಗಾದರೂ ವಿದ್ಯುತ್ ಹಿಡಿದುಕೊಂಡರೆ ಅವರನ್ನು ಮುಟ್ಟಿ ಎಳೆಯಬೇಡಿ. ಮೊದಲು ವಿದ್ಯುತ್ ಕಡಿಯಿರಿ. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿರಿ. 108ಕ್ಕೆ ಕರೆ ಮಾಡಿರಿ. ಮನೆ ಕಟ್ಟುವಾಗ, ವೈರಿಂಗ್ ಬದಲಿಸುವಾಗ, ನೆಲಕ್ಕೆ ಸೋರುವ 30 ಮಿಲಿಆಂಪಿಯರ್ ವಿದ್ಯುತ್ತನ್ನೂ ಗುರುತಿಸಿ ತಾನಾಗಿ ಕಡಿದುಕೊಳ್ಳುವ ರಕ್ಷಣಾ ಸ್ವಿಚ್ಚನ್ನು ಹಾಕಿಸಲು ಹಿರಿಯರಿಗೆ ಹೇಳಿರಿ. ಅದರ ಬೆಲೆ ಒಂದು ಜೀವಕ್ಕಿಂತ ಬಹಳ ಕಡಿಮೆ.

ಮೊದಲು ಒಣ, ಆಮೇಲೆ ತೇವ

ಇನ್ನು ಒರೆಸುವ ಬಗೆ. ನಮ್ಮ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಗಡಸುತನದ ಅಳತೆಯಲ್ಲಿ ಬೆಣಚುಕಲ್ಲು 7, ಸಾಮಾನ್ಯ ಗಾಜು ಸುಮಾರು 5.5. ಅಂದರೆ ಧೂಳು ಕೂತ ಪರದೆಯನ್ನು ಒತ್ತಿ ಉಜ್ಜುವುದೂ, ಅದರ ಮೇಲೆ ಮರಳು ಕಾಗದ ಎಳೆಯುವುದೂ ಒಂದೇ. ಮೊದಲು ಮೃದುವಾದ ಒಣ ಕುಂಚದಿಂದ, ಒತ್ತದೆ, ಮೇಲಿನಿಂದ ಕೆಳಕ್ಕೆ ಧೂಳನ್ನು ಇಳಿಸಬೇಕು. ಗೋಡೆಗೆ ಬಣ್ಣ ಹೊಡೆಯಲೆಂದು ತಂದು ಬಳಸದೆ ಉಳಿದ ಎರಡಂಗುಲದ ಹೊಸ ಬ್ರಷ್ ಇದಕ್ಕೆ ಧಾರಾಳವಾಗಿ ಸಾಕು. ಈ ಕೆಲಸವನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ದೂರವಿರಿಸಿ ಮಾಡುವುದು ಒಳ್ಳೆಯದು. ಹೊರಗೆ ತರಲಾಗದ ಸಾಧನವಾದರೆ ಕೆಳಗೆ ಬಿದ್ದ ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಎತ್ತಬೇಕು. ಇಲ್ಲವಾದರೆ ಟೀವಿಯ ಧೂಳು ನಮ್ಮ ಶ್ವಾಸಕೋಶಕ್ಕೆ ವರ್ಗವಾಗುತ್ತದೆ, ಅಷ್ಟೇ.

ಕಂಪ್ಯೂಟರ್ ಪೆಟ್ಟಿಗೆಯನ್ನು ಪಂಕ್ಚರ್ ಅಂಗಡಿಗೆ ಒಯ್ದು ಟೈರಿಗೆ ಗಾಳಿ ಹೊಡೆಯುವ ಕೊಳವೆಯಿಂದ ಊದಿಸುವ ರೂಢಿ ಕೆಲವೆಡೆ ಇದೆ. ಆ ಗಾಳಿಯಲ್ಲಿ ನೀರಿನ ಹನಿಯೂ ಯಂತ್ರದ ಎಣ್ಣೆಯೂ ಬೆರೆತಿರುತ್ತವೆ. ಅದರ ರಭಸಕ್ಕೆ ಒಳಗಿನ ಪುಟ್ಟ ಫ್ಯಾನು ಮಿತಿಮೀರಿ ತಿರುಗಿ ಕೆಡುತ್ತದೆ. ಕೈಯಿಂದ ಒತ್ತುವ ರಬ್ಬರ್ ಗಾಳಿಬುರುಡೆ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು.

ಧೂಳು ಇಳಿದ ಮೇಲೆ ಉಳಿಯುವುದು ಜಿಡ್ಡು ಮತ್ತು ಕಲೆ. ಅದಕ್ಕೆ ತೇವ ಬೇಕು. ಇಲ್ಲಿಯೂ ಎರಡು ನಿಯಮಗಳಿವೆ. ದ್ರವವನ್ನು ಎಂದಿಗೂ ಸಾಧನದ ಮೇಲೆ ಸಿಂಪಡಿಸಬಾರದು, ಬಟ್ಟೆಯ ಮೇಲೆ ಹಾಕಿ, ಹಿಂಡಿದರೆ ಹನಿ ಬೀಳದಷ್ಟು ತೇವ ಮಾಡಿಕೊಳ್ಳಬೇಕು. ಪರದೆಗೆ ಸಿಂಪಡಿಸಿದ ನೀರು ಜಾರಿ ಕೆಳಗಿನ ಅಂಚಿನೊಳಗೆ ಇಳಿಯುತ್ತದೆ, ಅಲ್ಲಿಯೇ ಅದರ ಸೂಕ್ಷ್ಮ ಭಾಗಗಳಿರುವುದು. ಎರಡನೆಯದಾಗಿ, ಕೊಳವೆಬಾವಿಯ ಗಡಸು ನೀರನ್ನು ಬಳಸಬಾರದು. ನಮ್ಮ ಬಿಂದಿಗೆಯ ತಳದಲ್ಲಿ ಕಟ್ಟುವ ಬಿಳಿಯ ಪರೆಯೇ ಪರದೆಯ ಮೇಲೂ ಕಟ್ಟುತ್ತದೆ. ಬ್ಯಾಟರಿಗೆಂದು ಅಂಗಡಿಯಲ್ಲಿ ಮಾರುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದರೆ ವರ್ಷಕ್ಕಾಗುತ್ತದೆ.

ಟೀವಿ ಪರದೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ತೇವಗೊಳಿಸಿದ ನವಿರಾದ ಹತ್ತಿ ಬಟ್ಟೆ ಸಾಕು. ಗಾಜು ಒರೆಸುವ ಅಮೋನಿಯದ ದ್ರಾವಣ ಬೇಡ, ಪರದೆಯ ಮೇಲಿನ ತೆಳುಲೇಪ ಅದರಿಂದ ಕಿತ್ತುಬರುತ್ತದೆ. ಮಿಕ್ಸಿಯ ಜಾರನ್ನು ತೊಳೆಯಿರಿ, ಆದರೆ ಮೋಟಾರಿರುವ ಬುಡವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಯಾವುದಕ್ಕೂ ಬೇಡ. ಅವು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ, ಅವುಗಳ ಆವಿ ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಬ್ಲೀಚಿಂಗ್ ಪುಡಿಯನ್ನೂ ಕಕ್ಕಸಿಗೆ ಹಾಕುವ ಆಸಿಡ್ಡನ್ನೂ ಎಂದೂ ಬೆರೆಸಬಾರದು. ಅದರಿಂದ ಕ್ಲೋರಿನ್ ವಿಷಾನಿಲ ಹೊರಡುತ್ತದೆ.

ಮೊಬೈಲಿನ ಮಾತಿಗೆ ಬರೋಣ. 2020ರಲ್ಲಿ ಕೊರೋನಾ ಬಂದಾಗ ಕೈಗೆ ಹಚ್ಚುವ ಸ್ಯಾನಿಟೈಸರನ್ನೇ ಮೊಬೈಲಿಗೂ ಸುರಿದವರು ಅನೇಕರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ತಯಾರಿಸಿದ ಸ್ಯಾನಿಟೈಸರಿನಲ್ಲಿ ಆಲ್ಕೋಹಾಲಿನ ಜೊತೆಗೆ ಶೇಕಡಾ 1.45ರಷ್ಟು ಗ್ಲಿಸರಿನ್ ಇರುತ್ತದೆ. ನಮ್ಮ ಚರ್ಮ ಒಣಗದಿರಲೆಂದು ಸೇರಿಸಿದ ಆ ಗ್ಲಿಸರಿನ್ ಮೊಬೈಲಿನ ಕಿಂಡಿಗಳಲ್ಲಿ ಅಂಟಾಗಿ ಉಳಿದು, ತೇವವನ್ನೂ ಧೂಳನ್ನೂ ಹಿಡಿದಿಡುತ್ತದೆ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಆಪಲ್ ಕಂಪನಿಯು, ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲಿನ ಒರೆಬಟ್ಟೆಯಿಂದ ತನ್ನ ಸಾಧನಗಳ ಗಟ್ಟಿ ಹೊರಮೈಯನ್ನು ಮೃದುವಾಗಿ ಒರೆಸಬಹುದು, ಆದರೆ ಕಿಂಡಿಗಳಲ್ಲಿ ತೇವ ಇಳಿಯಬಾರದು, ಸಾಧನವನ್ನು ದ್ರವದಲ್ಲಿ ಅದ್ದಬಾರದು ಎಂದು ತಿಳಿಸಿತು. ಬಹುಪಾಲು ಮೊಬೈಲುಗಳಿಗೆ ಈ ಕ್ರಮ ಹೊಂದುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರಲ್ಲಿ ಈ ದ್ರವ ಇರುತ್ತದೆ. ಚಾರ್ಜರಿನಿಂದ ಬಿಡಿಸಿ, ಪೂರ್ತಿ ಆರಿಸಿ, ಒರೆಸಿ, ಒಣಗಿದ ಮೇಲೆ ಹಾಕಿರಿ. ಇದು ಬೆಂಕಿ ಹಿಡಿಯುವ ದ್ರವವಾದ್ದರಿಂದ ಒಲೆ, ದೀಪ, ಊದುಬತ್ತಿಗಳ ಬಳಿ ಬೇಡ. ಚಾರ್ಜಿಂಗ್ ಕಿಂಡಿಯಲ್ಲಿ ಕೂತ ನೂಲಿನ ಉಂಡೆಯನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಬಹುದು, ಪಿನ್ನು ಸೂಜಿಗಳು ಬೇಡ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಶುಚಿಯ ಯೋಚನೆ ಬಿಟ್ಟು, ಒತ್ತದೆ, ಚುಚ್ಚದೆ, ಚಾರ್ಜಿಗೆ ಹಾಕದೆ ಅಂಗಡಿಗೆ ಒಯ್ಯಿರಿ.

ಸೂರ್ಯಶಕ್ತಿಯ ಫಲಕಗಳಿರುವ ಮನೆಯವರು ಬೆಳಗಿನ ತಂಪಿನಲ್ಲಿ, ನೆಲದ ಮೇಲೆಯೇ ನಿಂತು ಉದ್ದನೆಯ ಕೋಲಿಗೆ ಕಟ್ಟಿದ ಮೃದು ಬಟ್ಟೆಯಿಂದ ಅವುಗಳನ್ನು ಒರೆಸಲಿ. ನಡುಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಗಾಜು ಬಿರಿಯಬಹುದು. ಹೊಲಕ್ಕೆ ಕಳೆನಾಶಕ ಹೊಡೆದ ಬೆನ್ನಿನ ಪಂಪಿನಿಂದಲೇ ಫಲಕಕ್ಕೆ ನೀರು ಹೊಡೆಯುವುದನ್ನು ನಾನು ಕಂಡಿದ್ದೇನೆ. ಆ ನೀರು ಹಂಚಿನ ಮೇಲಿಂದ ಇಳಿದು ಮಳೆನೀರಿನ ತೊಟ್ಟಿಗೆ ಸೇರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ನನ್ನ ಸೊಪ್ಪಿನ ಪಾತಿ

ಈಗ ನನ್ನ ತಪ್ಪಿನ ಕಥೆ. ಬೆಟ್ಟದ ಸೆರಗಿನಲ್ಲಿರುವ ನನ್ನ ಮನೆಯಲ್ಲಿ ಕರೆಂಟು ಹೋಗುವುದು ಹೆಚ್ಚು. ಹಾಗಾಗಿ ಇನ್ವರ್ಟರ್ ಇದೆ. ಕೆಲವು ವರ್ಷಗಳ ಹಿಂದೆ ಒಂದು ಆಯುಧಪೂಜೆಯ ಮುನ್ನಾದಿನ ಅದರ ಬ್ಯಾಟರಿಯ ಕಂಬಗಳ ಮೇಲೆ ಬೂದುಬಿಳುಪಿನ ಹಿಟ್ಟಿನಂಥ ಪದರ ಕಟ್ಟಿರುವುದನ್ನು ಕಂಡೆ. ಬ್ಯಾಟರಿಯನ್ನು ಅಂಗಳಕ್ಕೆ ತಂದು, ಪೈಪು ಹಿಡಿದು, ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆದೆ. ಬ್ಯಾಟರಿ ಹೊಳೆಯಿತು. ವಿಭೂತಿ ಹಚ್ಚಿ ಪೂಜೆಯನ್ನೂ ಮಾಡಿದ್ದಾಯಿತು.

ಮರುದಿನ ಬೆಳಿಗ್ಗೆ ಸೊಪ್ಪು ಕೀಳಲು ಹೋದಾಗ, ತೊಳೆದ ನೀರು ಹರಿದ ಗುರುತು ಅಂಗಳದಿಂದ ನೇರವಾಗಿ ದಂಟಿನ ಸೊಪ್ಪಿನ ಪಾತಿಗೆ ಇಳಿದಿರುವುದು ಕಾಣಿಸಿತು. ಆಗ ನನಗೆ ಕೈಕಾಲು ಆಡಲಿಲ್ಲ. ಆ ಬೂದುಬಿಳುಪಿನ ಹಿಟ್ಟು ಬಹುಮಟ್ಟಿಗೆ ಸೀಸದ ಸಲ್ಫೇಟ್. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸೀಸವು ನೀರಿನೊಡನೆ ಆಳಕ್ಕೆ ಇಳಿದು ಹೋಗುವುದಿಲ್ಲ, ಮಣ್ಣಿನ ಮೇಲ್ಪದರದಲ್ಲಿಯೇ ಕಣಗಳಿಗೆ ಅಂಟಿಕೊಂಡು ತಲೆಮಾರುಗಳವರೆಗೆ ಉಳಿಯುತ್ತದೆ. ಮರದ ಹಣ್ಣಿಗೆ ಅದು ಹೆಚ್ಚಾಗಿ ಏರದು, ಆದರೆ ನೆಲಕ್ಕೆ ಹತ್ತಿರ ಬೆಳೆಯುವ ಸೊಪ್ಪಿಗೆ, ಮಣ್ಣಿನೊಳಗಿನ ಗೆಡ್ಡೆಗೆ ಧೂಳಾಗಿ ಅಂಟುತ್ತದೆ. ಮಣ್ಣಿನಲ್ಲಿ ಆಡಿ ಕೈಯನ್ನು ಬಾಯಿಗೆ ಇಟ್ಟುಕೊಳ್ಳುವ ಮಕ್ಕಳ ಹೊಟ್ಟೆಗೆ ಸೇರುತ್ತದೆ. ಮಕ್ಕಳ ಮಿದುಳಿಗೆ ಇಷ್ಟರವರೆಗೆ ಸುರಕ್ಷಿತ ಎನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದನ್ನೆಲ್ಲ ನಾನು ಓದಿದ್ದೆ. ಮಣ್ಣನ್ನು ಹೇಗೆ ಕಾಪಾಡಬೇಕೆಂದು ರೈತರಿಗೆ ಹೇಳುವುದೇ ನನ್ನ ಕೆಲಸವಾಗಿತ್ತು. ಆದರೂ ನನ್ನ ಅಂಗಳದಲ್ಲಿ, ಹಬ್ಬದ ಸಡಗರದಲ್ಲಿ, ನನ್ನ ಕಣ್ಣಿಗೆ ಕಂಡದ್ದು ಬ್ಯಾಟರಿಯ ಕೊಳೆ ಮಾತ್ರ. ಆ ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಸೊಪ್ಪನ್ನು ಕಿತ್ತೆ. ಪಾತಿಯ ಮೇಲ್ಮಣ್ಣನ್ನು ಗೇಣು ಆಳದವರೆಗೆ ತೆಗೆದೆ. ಆಮೇಲೆ ಆ ಮಣ್ಣಿನ ರಾಶಿಯ ಮುಂದೆ ನಿಂತಾಗ ನಿಜವಾದ ಪ್ರಶ್ನೆ ಎದುರಾಯಿತು. ಇದನ್ನು ಎಲ್ಲಿ ಹಾಕುವುದು? ತಿಪ್ಪೆಗೆ ಹಾಕಿದರೆ ಗೊಬ್ಬರವಾಗಿ ಹೊಲ ಸೇರುತ್ತದೆ. ಹಳ್ಳಕ್ಕೆ ಹಾಕಿದರೆ ಕೆಳಗಿನ ಊರಿನ ಕೆರೆ ಸೇರುತ್ತದೆ. ಕಾಡಿನಂಚಿಗೆ ಸುರಿದರೆ ಜಿಂಕೆ, ಆನೆಗಳು ಓಡಾಡುವ ದಾರಿ. ಸೊಪ್ಪನ್ನೂ ಮಣ್ಣನ್ನೂ ಎರಡು ಪ್ಲಾಸ್ಟಿಕ್ ಡ್ರಮ್ಮುಗಳಿಗೆ ತುಂಬಿ ಮುಚ್ಚಳ ಬಿಗಿದಿಟ್ಟೆ. ಅವು ಇವತ್ತಿಗೂ ನನ್ನ ಮನೆಯ ಹಿತ್ತಿಲಲ್ಲಿವೆ. ದಿನಕ್ಕೊಮ್ಮೆಯಾದರೂ ಅವು ಕಣ್ಣಿಗೆ ಬೀಳುತ್ತವೆ, ಬೀಳಲಿ ಎಂದೇ ಅಲ್ಲಿ ಇಟ್ಟಿದ್ದೇನೆ.

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆ ನಿಮಗೆಲ್ಲ ಗೊತ್ತು. ನಮ್ಮ ಇಂದಿನ ಶುಚಿತ್ವ ಅದರ ತಿರುಗುಮುರುಗು. ಅದು ಮನೆಗೆ ಉಪಕಾರಿ, ಊರಿಗೆ ಮಾರಿ. ಕೊಳೆಯನ್ನು ನಮ್ಮ ಹೊಸಿಲಿನಿಂದ ಆಚೆ ದಾಟಿಸಿದರೆ ಶುಚಿಯಾಯಿತೆಂದು ತಿಳಿಯುತ್ತೇವೆ.

ಬ್ಯಾಟರಿಯನ್ನು ಶುಚಿಗೊಳಿಸುವ ಸರಿಯಾದ ಕ್ರಮ ಇದು. ಇನ್ವರ್ಟರನ್ನು ಆರಿಸಿ ಪ್ಲಗ್ ಕಿತ್ತ ಮೇಲೆ ಕೋಣೆಯ ಕಿಟಕಿ ಬಾಗಿಲು ತೆರೆದಿಡಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಅದು ಸಿಡಿಯುವ ಅನಿಲ, ಹಾಗಾಗಿ ಹತ್ತಿರ ದೀಪ, ಬೀಡಿ, ಕರ್ಪೂರ ಯಾವುದೂ ಬೇಡ. ಕೈಯಲ್ಲಿನ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಲೋಹವೊಂದು ಎರಡೂ ಕಂಬಗಳಿಗೆ ತಾಗಿದರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ. ರಬ್ಬರ್ ಕೈಗವಸು ಮತ್ತು ಕನ್ನಡಕ ಧರಿಸಿ, ಮೊದಲು ಋಣ ಕಂಬದ ತಂತಿಯನ್ನು, ಆಮೇಲೆ ಧನ ಕಂಬದ ತಂತಿಯನ್ನು ಬಿಚ್ಚಬೇಕು. ಮೇಲಿನ ಬಿರಡೆಗಳು ಬಿಗಿಯಾಗಿವೆಯೇ ಎಂದು ನೋಡಿ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅದರಲ್ಲಿ ಅದ್ದಿ ಉಜ್ಜಬೇಕು. ಹುಳಿಮಣ್ಣಿಗೆ ಸುಣ್ಣ ಹಾಕಿ ಸರಿಪಡಿಸುವಂತೆ, ಸೋಡಾ ಅಲ್ಲಿನ ಆಮ್ಲವನ್ನು ಶಮನಗೊಳಿಸುತ್ತದೆ. ಸುರಿಯದೆ, ಹರಿಸದೆ, ಬಟ್ಟೆಯಿಂದ ಎಲ್ಲವನ್ನೂ ಹೀರಿ ತೆಗೆಯಬೇಕು. ಒಣಗಿದ ಮೇಲೆ ಮೊದಲು ಧನ, ಆಮೇಲೆ ಋಣ ತಂತಿ ಜೋಡಿಸಿ, ಕಂಬಗಳಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಬೇಕು. ಒಳಗಿನ ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಸಿಡ್ ಅಲ್ಲ. ಆಮ್ಲ ಮೈಗೆ ಅಥವಾ ಕಣ್ಣಿಗೆ ತಾಗಿದರೆ ಕಾಲು ಗಂಟೆಯಾದರೂ ಧಾರಾಳವಾಗಿ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಉಳಿದ ಸೋಡಾ ನೀರನ್ನೂ ಒರೆಸಿದ ಬಟ್ಟೆಯನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಬ್ಯಾಟರಿಯ ಕಸವೆಂದೇ ಗುರುತು ಬರೆದು, ಬೇರೆಯಾಗಿ ಇಡಬೇಕು.

ಕೊನೆಯ ನಿಲ್ದಾಣ

ಆ ಡಬ್ಬಿ ಎಲ್ಲಿಗೆ ಹೋಗಬೇಕು? ರಿಮೋಟಿನಲ್ಲಿ ಸೋರಿ ಹಾಳಾದ ಸೆಲ್ಲು, ಉಬ್ಬಿದ ಮೊಬೈಲ್ ಬ್ಯಾಟರಿ, ಅಟ್ಟದ ಮೇಲಿನ ಟೀವಿ ಎಲ್ಲಿಗೆ ಹೋಗಬೇಕು? ಇಂದು ಇವುಗಳಲ್ಲಿ ಬಹುಪಾಲು ಗುಜರಿಗೆ ಹೋಗುತ್ತವೆ, ಅಥವಾ ಊರಾಚೆಯ ಗುಂಡಿಗೆ. ತಾಮ್ರಕ್ಕಾಗಿ ತಂತಿ ಸುಡುವವರಿದ್ದಾರೆ. ತಂತಿಯ ಪ್ಲಾಸ್ಟಿಕ್ ಹೊದಿಕೆ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ಘೋರ ವಿಷವೂ ಹೊರಡುತ್ತವೆ. ಹಳೆಯ ದಪ್ಪ ಟೀವಿಯ ಗಾಜಿನಲ್ಲಿಯೇ ಸೀಸ ಬೆರೆತಿರುತ್ತದೆ.

ಕಾನೂನು ಇಲ್ಲವೆಂದಲ್ಲ. ಹಳೆಯ ಸೀಸದ ಬ್ಯಾಟರಿಯನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲಿಯೇ ಬಂತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡವು, ಅವುಗಳನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿದವು. ವಿದ್ಯುನ್ಮಾನ ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ ಅವು ಬದಲಾದವು, 2022ರಲ್ಲಿ ಮತ್ತೆ ಬದಲಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಿಸಿದವರೇ ಅದರ ಕೊನೆಯ ಹೊಣೆಯನ್ನೂ ಹೊರಬೇಕೆಂಬುದು ಇವುಗಳ ತಿರುಳು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ಆಚೆಯ ದಾಬಸ್‌ಪೇಟೆಯಲ್ಲಿ, ಇ-ಪರಿಸರ ಎಂಬ ಶಾಸ್ತ್ರೀಯ ಮರುಬಳಕೆ ಘಟಕ 2005ರಲ್ಲಿ ಆರಂಭವಾಯಿತು.

ಆದರೆ ದಾಬಸ್‌ಪೇಟೆಗೂ ಹರವೆಗೂ ನಡುವೆ ದಾರಿ ಉದ್ದವಿದೆ. ಒಂದು ರಿಮೋಟ್ ಸೆಲ್ಲನ್ನು ಹಿಡಿದು ಯಾರೂ ಅಷ್ಟು ದೂರ ಹೋಗಲಾರರು. ಆದುದರಿಂದ ನಾವು ಮಾಡಬೇಕಾದ ಕೆಲಸ ಇಷ್ಟು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಒಪ್ಪಿಸಿ ರಸೀದಿ ಪಡೆಯೋಣ. ಆಸಿಡ್ಡನ್ನು ಚರಂಡಿಗೆ ಚೆಲ್ಲಿ ಖಾಲಿ ಬ್ಯಾಟರಿ ತರುವಂತೆ ಹೇಳುವವರಿಗೆ ಕೊಡದಿರೋಣ. ಸಣ್ಣ ಸೆಲ್ಲು, ಹಳೆಯ ಚಾರ್ಜರು, ಕೆಟ್ಟ ಬಲ್ಬುಗಳಿಗಾಗಿ ಶಾಲೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಮಳೆ ತಾಗದ, ಬೀಗವಿರುವ ಒಂದು ಪೆಟ್ಟಿಗೆ ಇರಲಿ. ಉಬ್ಬಿದ ಬ್ಯಾಟರಿ ಮಾತ್ರ ಅದಕ್ಕೆ ಬೇಡ, ಅದು ಬೆಂಕಿಯ ಗಂಟು. ಪೆಟ್ಟಿಗೆ ತುಂಬಿದಾಗ ಅದನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ವ್ಯವಸ್ಥೆ ಆಗಲೆಂದು ಗ್ರಾಮಸಭೆಯಲ್ಲಿ ಕೇಳೋಣ. ಬರವಣಿಗೆಯಲ್ಲಿಯೇ ಕೇಳೋಣ, ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಲಿ.

ಇನ್ನು ಪೂಜೆಯ ಮಾತು. ಟೀವಿಯ ಮೇಲೆ ಒದ್ದೆ ಹೂವಿಡುವುದು, ಗಾಳಿಕಿಂಡಿಗೆ ಕುಂಕುಮ ಬೀಳುವಂತೆ ಎರಚುವುದು, ಬ್ಯಾಟರಿಯ ಮುಂದೆ ಕರ್ಪೂರ ಹಚ್ಚುವುದು ಇವಷ್ಟನ್ನು ಬಿಟ್ಟರೆ ಸಾಕು. ಸಾಧನದ ಪಕ್ಕದಲ್ಲಿ ಒಂದು ಮಣೆಯಿಟ್ಟು, ಅರಿಸಿನ ಕುಂಕುಮವನ್ನು ಅದಕ್ಕೆ ಹಚ್ಚಿರಿ. ನಮ್ಮ ನಮಸ್ಕಾರ ಅಷ್ಟು ದೂರದಿಂದಲೂ ತಲುಪುತ್ತದೆ.

ಈ ಮಾರ್ನಮಿಯಲ್ಲಿ ಪ್ಲಗ್ ಕಿತ್ತು, ಕುಂಚ ಹಿಡಿದು, ಒಂದು ಬಟ್ಟೆಯನ್ನು ತೇವ ಮಾಡಿಕೊಂಡು ಕುಳಿತಾಗ, ಒರೆಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ. ಈ ಕೊಳೆ ಎಲ್ಲಿಗೆ ಹೋಗುತ್ತದೆ? ವಿದ್ಯಾರ್ಥಿಗಳೇ, ಮನೆಯಲ್ಲಿ ಹಿರಿಯರು ಬಕೆಟ್ ಎತ್ತಿದರೆ ನೀವು ಇದನ್ನು ವಿನಯದಿಂದ ಕೇಳಿರಿ. ಉತ್ತರ ನನಗೂ ಪೂರ್ತಿಯಾಗಿ ದೊರೆತಿಲ್ಲ. ನನ್ನ ಹಿತ್ತಿಲಿನ ಡ್ರಮ್ಮುಗಳು ಇನ್ನೂ ಅಲ್ಲಿಯೇ ಇವೆ. ಆದರೆ ಆ ದಿನದಿಂದ ಈಚೆಗೆ ಮೂರನೆಯ ಡ್ರಮ್ಮು ತುಂಬಿಲ್ಲ.